ಶೋಧಯಂತ್ರ ಮತ್ತು ವ್ಯಾಪಾರ: 1998ರ ಪ್ರಬಂಧವೊಂದರ ಮರು ಓದು

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಎಂ.ಎಸ್ಸಿ. ಮುಗಿಸಿದ ಮೇಲೆ ಆತ ಅಧ್ಯಾಪಕ ವೃತ್ತಿಗೆ ಹೋಗಲಿಲ್ಲ. ಶಾಲಾ ಪ್ರಯೋಗಾಲಯಗಳಿಗೆ ಮಸೂರ, ದರ್ಪಣ, ಬೀಕರು, ಗ್ಯಾಲ್ವನೋಮೀಟರುಗಳನ್ನು ಒದಗಿಸುವ ಸಣ್ಣ ಅಂಗಡಿ ನಡೆಸುತ್ತಿದ್ದಾನೆ. ಅಂಗಡಿಗೊಂದು ಜಾಲತಾಣವೂ ಇದೆ. "ಸರ್, ಗೂಗಲ್‌ನಲ್ಲಿ ಮೊದಲ ಪುಟಕ್ಕೆ ತರುತ್ತೇವೆ ಎಂದು ಒಬ್ಬರು ತಿಂಗಳು ತಿಂಗಳು ಹಣ ತೆಗೆದುಕೊಂಡರು. ಸ್ವಲ್ಪ ದಿನ ಮೇಲೆ ಬಂದಿತ್ತು. ಆಮೇಲೆ ಇದ್ದಕ್ಕಿದ್ದಂತೆ ಹುಡುಕಿದರೂ ಸಿಗದ ಹಾಗಾಯಿತು. ಯಾಕೆ ಅಂತ ಕೇಳೋದಕ್ಕೂ ಯಾರೂ ಇಲ್ಲ. ಇದು ಯಾವ ಲೆಕ್ಕ ಸರ್?" ಎಂದು ಕೇಳಿದ.

ಅವನ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರ ಇರಲಿಲ್ಲ. ಆದರೆ ಲೆಕ್ಕ ಎಲ್ಲಿಂದ ಶುರುವಾಯಿತು ಎಂಬುದು ಗೊತ್ತಿತ್ತು. ಅಂದು ಸಂಜೆ ಇಬ್ಬರೂ ಕುಳಿತು ಆ ಮೂಲ ಪ್ರಬಂಧವನ್ನು ಓದಿದೆವು. ವಿಜ್ಞಾನ ಪ್ರಬಂಧಗಳನ್ನು ವಿಮರ್ಶಿಸುವ ರೂಢಿ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಕಡಿಮೆ. ಕಾದಂಬರಿಯೊಂದು ಹೊರಬಂದರೆ ನಾಲ್ಕು ವಿಮರ್ಶೆ ಬರುತ್ತವೆ. ಆದರೆ ಕೋಟ್ಯಂತರ ಜನರ ದಿನನಿತ್ಯದ ಓದನ್ನೂ ವ್ಯಾಪಾರವನ್ನೂ ಬದಲಿಸಿದ ಪ್ರಬಂಧವನ್ನು ಯಾರೂ ಸಾಲುಸಾಲಾಗಿ ಓದಿ ಒರೆಗೆ ಹಚ್ಚುವುದಿಲ್ಲ. ಈ ಲೇಖನ ಅಂಥದೊಂದು ಪ್ರಯತ್ನ.

ಪ್ರಬಂಧ ಏನು ಹೇಳುತ್ತದೆ?

1998ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ವರ್ಲ್ಡ್ ವೈಡ್ ವೆಬ್ ಕುರಿತ ಏಳನೆಯ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧನ ವಿದ್ಯಾರ್ಥಿಗಳಾದ ಸರ್ಗೈ ಬ್ರಿನ್ ಮತ್ತು ಲಾರೆನ್ಸ್ ಪೇಜ್ ಮಂಡಿಸಿದ ಪ್ರಬಂಧದ ಹೆಸರು 'ದಿ ಅನಾಟಮಿ ಆಫ್ ಎ ಲಾರ್ಜ್-ಸ್ಕೇಲ್ ಹೈಪರ್‌ಟೆಕ್ಸ್ಚುವಲ್ ವೆಬ್ ಸರ್ಚ್ ಎಂಜಿನ್'. ಅವರು ಕಟ್ಟಿದ್ದ ಶೋಧಯಂತ್ರದ ಹೆಸರೇ ಗೂಗಲ್. ಆಗ ಅದು ಕಂಪನಿಯಾಗಿರಲಿಲ್ಲ. ಅಮೆರಿಕದ ಸರ್ಕಾರಿ ಸಂಸ್ಥೆಗಳ ಧನಸಹಾಯದಿಂದ ನಡೆಯುತ್ತಿದ್ದ ಡಿಜಿಟಲ್ ಗ್ರಂಥಾಲಯ ಯೋಜನೆಯ ಒಂದು ಭಾಗವಾಗಿತ್ತು.

ಅಂದಿನ ಸ್ಥಿತಿಯನ್ನು ನೆನಪಿಸಿಕೊಳ್ಳಿ. ಆಲ್ಟಾವಿಸ್ಟಾ, ಎಕ್ಸೈಟ್, ಇನ್ಫೋಸೀಕ್ ಮುಂತಾದ ಶೋಧಯಂತ್ರಗಳು ಮುಖ್ಯವಾಗಿ ಪುಟದಲ್ಲಿರುವ ಪದಗಳನ್ನೇ ನೆಚ್ಚಿಕೊಂಡಿದ್ದವು. ಬೇಕಾದ ಪದವನ್ನು ಪುಟದ ತುಂಬ ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ ತುರುಕಿದರೂ ಸಾಕು, ಕೆಲವು ಕಡೆ ಮೇಲಿನ ಸ್ಥಾನ ಸಿಗುತ್ತಿತ್ತು. 1997ರ ನವೆಂಬರ್‌ನಲ್ಲಿ ಮುಂಚೂಣಿಯ ನಾಲ್ಕು ವಾಣಿಜ್ಯ ಶೋಧಯಂತ್ರಗಳಿಗೆ ಅವುಗಳದೇ ಹೆಸರನ್ನು ಕೊಟ್ಟು ಹುಡುಕಿದಾಗ, ಮೊದಲ ಹತ್ತು ಫಲಿತಾಂಶಗಳಲ್ಲಿ ತನ್ನನ್ನು ತಾನು ಕಂಡುಕೊಂಡದ್ದು ಒಂದೇ ಒಂದು ಎಂದು ಪ್ರಬಂಧ ಹೇಳುತ್ತದೆ.

ಇದಕ್ಕೆ ಇವರು ಸೂಚಿಸಿದ ಪರಿಹಾರ ಸರಳ. ಒಂದು ಪುಟ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದನ್ನು ಮತವೆಂದು ಎಣಿಸಿ. ಆದರೆ ಎಲ್ಲ ಮತಗಳ ತೂಕ ಒಂದೇ ಅಲ್ಲ. ತೂಕವುಳ್ಳ ಪುಟದ ಮತಕ್ಕೆ ಹೆಚ್ಚು ಬೆಲೆ, ಮತ್ತು ಒಂದು ಪುಟ ಹತ್ತು ಕೊಂಡಿ ಕೊಟ್ಟರೆ ಅದರ ತೂಕ ಹತ್ತು ಪಾಲಾಗುತ್ತದೆ. ಸಂಶೋಧನ ಲೇಖನಗಳ ಉಲ್ಲೇಖಗಳನ್ನು ಎಣಿಸುವ ಪದ್ಧತಿ ನಮಗೆಲ್ಲ ಪರಿಚಿತವೇ; ಇದು ಅದರ ಮುಂದುವರಿಕೆ. ಇದಕ್ಕೆ ಅವರಿಟ್ಟ ಹೆಸರು ಪೇಜ್‌ರ‍್ಯಾಂಕ್.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದನ್ನು ಬೇರೆ ರೀತಿಯಲ್ಲಿ ಹೇಳಬಹುದು. ಒಬ್ಬ ಅಲೆಮಾರಿ ಓದುಗ ಪುಟದಿಂದ ಪುಟಕ್ಕೆ ಕೊಂಡಿ ಹಿಡಿದು ಗುರಿಯಿಲ್ಲದೆ ಹೋಗುತ್ತಿದ್ದಾನೆ ಎನ್ನಿ. 100ರಲ್ಲಿ 85 ಸಲ ಆತ ಎದುರಿಗಿರುವ ಯಾವುದೋ ಒಂದು ಕೊಂಡಿಯನ್ನು ಒತ್ತುತ್ತಾನೆ. ಉಳಿದ 15 ಸಲ ಬೇಸರವಾಗಿ ಜಾಲದ ಯಾವುದೋ ಒಂದು ಪುಟಕ್ಕೆ ನೆಗೆಯುತ್ತಾನೆ. ಬಹಳ ಕಾಲ ಕಳೆದ ಮೇಲೆ ಆತ ಯಾವ ಪುಟದಲ್ಲಿ ಎಷ್ಟು ಪಾಲು ಸಮಯ ಇರುತ್ತಾನೋ ಅದೇ ಆ ಪುಟದ ಪೇಜ್‌ರ‍್ಯಾಂಕ್. ಬ್ರೌನಿಯನ್ ಚಲನೆಯನ್ನು ಪಾಠ ಮಾಡಿದವರಿಗೆ ಈ ಚಿತ್ರ ಹೊಸದಲ್ಲ. 2.4 ಕೋಟಿ ಪುಟಗಳನ್ನು ಸಂಗ್ರಹಿಸಿ, 2.6 ಕೋಟಿ ಪುಟಗಳ ಪೇಜ್‌ರ‍್ಯಾಂಕನ್ನು ಸಾಧಾರಣ ಗಣಕವೊಂದರಲ್ಲಿ ಕೆಲವೇ ಗಂಟೆಗಳಲ್ಲಿ ಲೆಕ್ಕ ಹಾಕಬಹುದೆಂದು ಅವರು ತೋರಿಸಿದರು. ಕೊಂಡಿಯ ಮೇಲೆ ಬರೆದಿರುವ ಪದಗಳನ್ನು, ಆ ಕೊಂಡಿ ತೋರಿಸುವ ಪುಟದ ಲೆಕ್ಕಕ್ಕೆ ಸೇರಿಸಿದ್ದು ಇನ್ನೊಂದು ಜಾಣತನ. ಪುಟ ತನ್ನ ಬಗ್ಗೆ ತಾನು ಹೇಳಿಕೊಳ್ಳುವುದಕ್ಕಿಂತ ಬೇರೆಯವರು ಅದರ ಬಗ್ಗೆ ಹೇಳುವುದು ಹೆಚ್ಚು ನಂಬಿಕೆಗೆ ಅರ್ಹವಲ್ಲವೆ? ಇಷ್ಟರ ಮಟ್ಟಿಗೆ ಪ್ರಬಂಧ ನಿಜಕ್ಕೂ ದೊಡ್ಡದು.

ಮೊದಲ ಆಕ್ಷೇಪ: ಮೊತ್ತ ತಪ್ಪಿದೆ

ಈಗ ಕೆಂಪು ಪೆನ್ನು ತೆಗೆದುಕೊಳ್ಳೋಣ. ಪ್ರಬಂಧದಲ್ಲಿರುವ ಸೂತ್ರದ ಪ್ರಕಾರ ಪ್ರತಿ ಪುಟಕ್ಕೂ ಮೊದಲು 0.15 ಸಿಗುತ್ತದೆ, ಅದರ ಮೇಲೆ, ತನಗೆ ಕೊಂಡಿ ಕೊಟ್ಟ ಪುಟಗಳಿಂದ ಬಂದ ಪಾಲಿನ 0.85 ರಷ್ಟು ಸೇರುತ್ತದೆ. ಇದರ ಬೆನ್ನಿಗೇ ಲೇಖಕರು, ಎಲ್ಲ ಪುಟಗಳ ಪೇಜ್‌ರ‍್ಯಾಂಕ್ ಕೂಡಿದರೆ 1 ಬರುತ್ತದೆ, ಇದೊಂದು ಸಂಭಾವ್ಯತಾ ವಿತರಣೆ ಎನ್ನುತ್ತಾರೆ.

ಪರೀಕ್ಷಿಸಿ. ಜಾಲದಲ್ಲಿ ಸಾವಿರ ಪುಟಗಳಿವೆ, ಪ್ರತಿ ಪುಟದಿಂದ ಒಂದಾದರೂ ಕೊಂಡಿ ಹೊರಗೆ ಹೋಗುತ್ತದೆ ಎಂದುಕೊಳ್ಳಿ. ಎಲ್ಲ ಪುಟಗಳ ಮೊತ್ತ ಮೊ ಆಗಿರಲಿ. ಆಗ ಮೊ = 0.15 × 1000 + 0.85 ಮೊ. ಅಂದರೆ 0.15 ಮೊ = 150; ಮೊ = 1000. ಮೊತ್ತ 1 ಅಲ್ಲ, ಪುಟಗಳ ಸಂಖ್ಯೆಯಷ್ಟು! ಸಂಭಾವ್ಯತೆ ಆಗಬೇಕಿದ್ದರೆ 0.15 ನ್ನು ಪುಟಗಳ ಸಂಖ್ಯೆಯಿಂದ ಭಾಗಿಸಬೇಕಿತ್ತು. ಪುಟಗಳ ಅನುಕ್ರಮ ಇದರಿಂದ ಬದಲಾಗುವುದಿಲ್ಲವಾದ್ದರಿಂದ ಯಂತ್ರ ಕೆಡಲಿಲ್ಲ. ಪಿ.ಯು.ಸಿ. ವಿದ್ಯಾರ್ಥಿಯೂ ಹಿಡಿಯಬಹುದಾದ ತಪ್ಪು ಇಂಥ ಪ್ರಬಂಧದಲ್ಲೂ ಉಳಿಯಬಹುದು ಎಂಬುದನ್ನು ತರಗತಿಯಲ್ಲಿ ತೋರಿಸಿ. ಮುದ್ರಿತವಾದದ್ದನ್ನೆಲ್ಲ ನಂಬಬಾರದೆಂದು ಬಾಯಲ್ಲಿ ಹೇಳುವುದಕ್ಕಿಂತ ಇದು ಮೇಲು.

ಎರಡನೆಯ ಆಕ್ಷೇಪ: ಹುಟ್ಟಿನಿಂದ ಬರುವ ಮತ

ಮೇಲಿನದು ಸಣ್ಣ ತಪ್ಪು. ಆದರೆ ಆ 0.15 ರಲ್ಲೇ ದೊಡ್ಡ ಸಮಸ್ಯೆಯೊಂದು ಅಡಗಿದೆ. ಯಾರೂ ಕೊಂಡಿ ಕೊಡದ, ಯಾರೂ ಓದದ, ನಿನ್ನೆ ರಾತ್ರಿ ಹುಟ್ಟಿದ ಪುಟಕ್ಕೂ 0.15 ಬೆಲೆಯಿದೆ. ಆ ಪುಟ ಒಂದೇ ಒಂದು ಕೊಂಡಿ ಕೊಟ್ಟರೆ, ಕೊಂಡಿ ಪಡೆದ ಪುಟಕ್ಕೆ 0.85 × 0.15 = 0.1275 ಹೋಗುತ್ತದೆ.

ನನ್ನ ವಿದ್ಯಾರ್ಥಿಯ ಅಂಗಡಿಯ ಪುಟಕ್ಕೆ ಹೊರಗಿನವರು ಯಾರೂ ಕೊಂಡಿ ಕೊಟ್ಟಿಲ್ಲ ಎನ್ನಿ. ಅದರ ಬೆಲೆ 0.15. ಈಗ ಯಾರೋ ನೂರು ಪೊಳ್ಳು ಪುಟಗಳನ್ನು ಸೃಷ್ಟಿಸಿ ಎಲ್ಲವುಗಳಿಂದಲೂ ಅಂಗಡಿಗೆ ಕೊಂಡಿ ಕೊಡಿಸಿದರೆ ಬೆಲೆ 0.15 + 12.75 = 12.9 ಆಗುತ್ತದೆ. ಜಾಲದ ಸರಾಸರಿ ಪುಟದ ಬೆಲೆ 1 ಎಂಬುದನ್ನು ನೆನಪಿಡಿ. ಅಷ್ಟಕ್ಕೇ ನಿಲ್ಲಬೇಕಾಗಿಲ್ಲ. ಅಂಗಡಿಯ ಪುಟವೂ ಆ ನೂರು ಪೊಳ್ಳು ಪುಟಗಳಿಗೇ ಮರಳಿ ಕೊಂಡಿ ಕೊಟ್ಟರೆ? ಎದುರುಬದುರಾಗಿ ಇಟ್ಟ ಎರಡು ಕನ್ನಡಿಗಳ ನಡುವೆ ಬೆಳಕು ಓಡಾಡಿದ ಹಾಗೆ. ಪ್ರತಿ ಕನ್ನಡಿಯೂ ಶೇಕಡ 85 ರಷ್ಟು ಬೆಳಕನ್ನು ಹಿಂದಿರುಗಿಸಿದರೆ ಒಂದು ಸುತ್ತಿನಲ್ಲಿ ಉಳಿಯುವುದು 0.85 × 0.85 = 0.7225. ಎಲ್ಲ ಸುತ್ತುಗಳನ್ನು ಕೂಡಿದರೆ 1 ÷ (1 – 0.7225), ಅಂದರೆ ಸುಮಾರು 3.6 ಪಟ್ಟು. 12.9 ಇದ್ದದ್ದು 46.5 ಆಗುತ್ತದೆ. ಓದುಗರು ಒಬ್ಬರೂ ಹೆಚ್ಚಾಗಿಲ್ಲ, ಅಂಗಡಿಯ ಮಸೂರಗಳ ಗುಣಮಟ್ಟ ಎಳ್ಳಷ್ಟೂ ಬದಲಾಗಿಲ್ಲ, ಬೆಲೆ ಮಾತ್ರ 300 ಪಟ್ಟು ಏರಿದೆ!

ಲೇಖಕರಿಗೆ ಇದು ತಿಳಿಯದ ವಿಷಯವಲ್ಲ. 0.15 ನ್ನು ಎಲ್ಲ ಪುಟಗಳಿಗೂ ಹಂಚದೆ ಆಯ್ದ ಕೆಲವಕ್ಕೆ ಮಾತ್ರ ಕೊಟ್ಟರೆ ವ್ಯವಸ್ಥೆಯನ್ನು ವಂಚಿಸುವುದು ಹೆಚ್ಚುಕಡಿಮೆ ಅಸಾಧ್ಯವಾಗುತ್ತದೆಂದು ಅವರು ಬರೆದಿದ್ದಾರೆ. ಪೇಜ್‌ರ‍್ಯಾಂಕ್ ಬಗ್ಗೆಯೇ ಸಿದ್ಧಪಡಿಸಿದ ಇನ್ನೊಂದು ವರದಿಯಲ್ಲಿ, ಕೊಂಡಿಗಳನ್ನು ದುಡ್ಡು ಕೊಟ್ಟು ಕೊಳ್ಳುವ ಸಾಧ್ಯತೆಯನ್ನೂ ಎತ್ತಿ, ಅದಕ್ಕೆ ಹಣ ಖರ್ಚಾಗುವುದರಿಂದ ಅದು ಹತೋಟಿಯಲ್ಲಿರುತ್ತದೆ ಎಂದಿದ್ದಾರೆ. ಇಲ್ಲಿ ನನ್ನ ಆಕ್ಷೇಪ ಎರಡು. ಒಂದು, ವ್ಯಾಪಾರಿಗೆ ಹಣ ಖರ್ಚಾಗುವುದು ತಡೆಯಲ್ಲ. ಬಾಡಿಗೆ, ಸಾಗಣೆ ಇದ್ದ ಹಾಗೆ ಅದೂ ಒಂದು ಬಾಬ್ತು. ಲಾಭ ಹೆಚ್ಚಿದ್ದರೆ ಖರ್ಚು ಮಾಡಿಯೇ ಮಾಡುತ್ತಾನೆ. ಎರಡು, 0.15 ನ್ನು 'ಆಯ್ದ' ಪುಟಗಳಿಗೆ ಕೊಡುವುದಾದರೆ ಆಯ್ಕೆ ಮಾಡುವವರು ಯಾರು? 2004ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಯಾಹೂ ಸಂಶೋಧಕರು 'ಟ್ರಸ್ಟ್‌ರ‍್ಯಾಂಕ್' ಎಂಬ ಹೆಸರಿನಲ್ಲಿ ಇದೇ ದಾರಿ ಹಿಡಿದರು. ಅಲ್ಲಿ ನಂಬಿಕಸ್ಥ ಪುಟಗಳನ್ನು ಮೊದಲು ಗುರುತಿಸುವುದು ಮನುಷ್ಯರೇ. ಅಂದರೆ ಸೂತ್ರ ನಿವಾರಿಸಿತು ಎಂದುಕೊಂಡ ಮನುಷ್ಯನ ತೀರ್ಮಾನ ಹಿಂಬಾಗಿಲಿನಿಂದ ಒಳಗೆ ಬಂದಿತು.

ಮುಂದಿನದು ಚರಿತ್ರೆ. ಕೊಂಡಿಗಳ ಕೊಡು-ಕೊಳ್ಳುವಿಕೆ ಒಂದು ದಂಧೆಯಾಯಿತು. 2003ರ ನವೆಂಬರ್‌ನಲ್ಲಿ ಗೂಗಲ್ ತನ್ನ ಸೂತ್ರಗಳನ್ನು ಬದಲಿಸಿದಾಗ ಕ್ರಿಸ್‌ಮಸ್ ವ್ಯಾಪಾರಕ್ಕೆ ಅಣಿಯಾಗಿದ್ದ ಎಷ್ಟೋ ಸಣ್ಣ ಅಂಗಡಿಗಳು ಒಮ್ಮೆಲೇ ಕೆಳಗಿಳಿದವು. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಅಮೆರಿಕದ ಜೆ.ಸಿ. ಪೆನ್ನಿ ಎಂಬ ದೊಡ್ಡ ಮಳಿಗೆಗೆ ಸಂಬಂಧವೇ ಇಲ್ಲದ ಅಸಂಖ್ಯ ತಾಣಗಳಿಂದ ಕೊಂಡಿಗಳಿದ್ದುದನ್ನು ಬಯಲು ಮಾಡಿತು. ಮಳಿಗೆ ತನಗೇನೂ ಗೊತ್ತಿಲ್ಲವೆಂದು ಹೇಳಿ ಈ ಕೆಲಸ ನೋಡಿಕೊಳ್ಳುತ್ತಿದ್ದ ಸಲಹಾ ಸಂಸ್ಥೆಯನ್ನು ಕೈಬಿಟ್ಟಿತು. 2012ರ ಏಪ್ರಿಲ್‌ನ 'ಪೆಂಗ್ವಿನ್' ಬದಲಾವಣೆ ಇಂಥ ಕೊಂಡಿಗಳನ್ನೇ ಗುರಿಯಾಗಿಸಿಕೊಂಡಿತ್ತು. ನನ್ನ ವಿದ್ಯಾರ್ಥಿಯ ತಾಣ ಮೇಲೇರಿ ಬಿದ್ದದ್ದೂ ಬಹುಶಃ ಈ ದಾರಿಯಲ್ಲೇ.

ಇದರಲ್ಲಿ ಭೌತವಿಜ್ಞಾನದ ಒಂದು ಪಾಠವೂ ಇದೆ. ನಾವು ಲೋಲಕದ ಅವಧಿಯನ್ನು ಅಳೆಯುವಾಗ ಲೋಲಕಕ್ಕೆ ತನ್ನನ್ನು ಅಳೆಯುತ್ತಿದ್ದಾರೆಂದು ಗೊತ್ತಾಗುವುದಿಲ್ಲ. ಗೊತ್ತಾದರೂ ಅದಕ್ಕೆ ಅದರಿಂದ ಲಾಭವಿಲ್ಲ. ವ್ಯಾಪಾರಿಗಳ ಜಾಲ ಹಾಗಲ್ಲ. ಅಳೆಯುವ ವಿಧಾನ ಹೊರಬಿದ್ದ ಕ್ಷಣವೇ ಅಳೆಯಬೇಕಾದ ವಸ್ತು ತನ್ನ ರೂಪ ಬದಲಿಸಿಕೊಳ್ಳುತ್ತದೆ. ಲಾಭಕ್ಕಾಗಿ ಕೊಟ್ಟದ್ದಲ್ಲದ ಕೊಂಡಿಗಳೇ ಹೆಚ್ಚಾಗಿದ್ದ 1998ರ ಜಾಲಕ್ಕೆ ಪೇಜ್‌ರ‍್ಯಾಂಕ್ ಸರಿಯಾದ ಅಳತೆಗೋಲಾಗಿತ್ತು. ಅದು ಯಶಸ್ವಿಯಾದದ್ದರಿಂದಲೇ ಅಂಥ ಜಾಲ ಉಳಿಯಲಿಲ್ಲ.

ಮೂರನೆಯ ಆಕ್ಷೇಪ: ಅಳತೆಯ ಅಳತೆ ಎಲ್ಲಿ?

ಹೊಸ ಉಪಕರಣವೊಂದನ್ನು ತಯಾರಿಸಿದವರು ಅದು ಹಳೆಯದಕ್ಕಿಂತ ಎಷ್ಟು ಉತ್ತಮ ಎಂದು ಅಂಕಿ ಕೊಟ್ಟು ತೋರಿಸಬೇಕು. ಇದು ಪ್ರಯೋಗಾಲಯದ ಮೊದಲ ನಿಯಮ. ಶೋಧ ವಿಜ್ಞಾನಕ್ಕೆ ಈ ಶಿಸ್ತು ಹೊಸದಲ್ಲ. 1960ರ ದಶಕದಲ್ಲೇ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್‌ಡನ್ ಎಂಬ ಗ್ರಂಥಪಾಲಕರು ಇದಕ್ಕೆ ವಿಧಾನ ರೂಪಿಸಿದ್ದರು. ಒಂದು ದಾಖಲೆ ಸಂಗ್ರಹ, ಒಂದಷ್ಟು ಪ್ರಶ್ನೆಗಳು, ಪ್ರತಿ ಪ್ರಶ್ನೆಗೂ ಯಾವ ದಾಖಲೆಗಳು ಸರಿಯಾದ ಉತ್ತರ ಎಂದು ಮೊದಲೇ ಗುರುತು. ಆಮೇಲೆ ಎರಡು ಅಳತೆ: ಯಂತ್ರ ತೋರಿಸಿದವುಗಳಲ್ಲಿ ಸರಿಯಾದವು ಎಷ್ಟು ಪಾಲು? ಇದು ನಿಖರತೆ. ಸರಿಯಾದವುಗಳಲ್ಲಿ ಯಂತ್ರ ಎಷ್ಟನ್ನು ತೋರಿಸಿತು? ಇದು ಪೂರ್ಣತೆ.

ಬ್ರಿನ್ ಮತ್ತು ಪೇಜ್ ಇಂಥ ಪರೀಕ್ಷೆಯ ಫಲಿತಾಂಶ ಕೊಡುವುದಿಲ್ಲ. ಪೂರ್ಣ ಮೌಲ್ಯಮಾಪನ ಈ ಪ್ರಬಂಧದ ವ್ಯಾಪ್ತಿಯಲ್ಲಿಲ್ಲ ಎಂದು ಹೇಳಿ, ತಮ್ಮ ಅನುಭವದಲ್ಲಿ ಬಹುಪಾಲು ಶೋಧಗಳಿಗೆ ಗೂಗಲ್ ಇತರ ದೊಡ್ಡ ಯಂತ್ರಗಳಿಗಿಂತ ಉತ್ತಮ ಎಂದು ಸೇರಿಸುತ್ತಾರೆ. ಉದಾಹರಣೆಗೆ ತೋರಿಸುವುದು 'ಬಿಲ್ ಕ್ಲಿಂಟನ್' ಎಂಬ ಒಂದು ಶೋಧದ ಫಲಿತಾಂಶಪಟ್ಟಿಯನ್ನು. ಹಳೆಯ ಪರೀಕ್ಷಾ ಸಂಗ್ರಹಗಳು ಚಿಕ್ಕವು, ಅಚ್ಚುಕಟ್ಟಾದವು, ಜಾಲದ ಗೊಂದಲಕ್ಕೆ ಹೊಂದುವುದಿಲ್ಲ ಎಂಬ ಅವರ ವಾದದಲ್ಲಿ ಹುರುಳಿದೆ. ಆದರೆ ಹಳೆಯ ತಕ್ಕಡಿ ಸಾಲದಾದರೆ ಹೊಸ ತಕ್ಕಡಿ ಮಾಡಬೇಕಲ್ಲದೆ ತೂಕ ಮಾಡುವುದನ್ನೇ ಬಿಡಬಾರದು. ನನ್ನ ವಿದ್ಯಾರ್ಥಿ ಇಂಥ ಪ್ರಾಜೆಕ್ಟ್ ವರದಿ ತಂದಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ.

ವಸ್ತುನಿಷ್ಠ ಅಳತೆಯಿಂದ ಅಭಿಪ್ರಾಯಕ್ಕೆ

ಪ್ರಬಂಧ ಪೇಜ್‌ರ‍್ಯಾಂಕನ್ನು ವಸ್ತುನಿಷ್ಠ ಅಳತೆ ಎಂದು ಕರೆಯುತ್ತದೆ. ಐದು ವರ್ಷಗಳ ನಂತರ ಏನಾಯಿತು ನೋಡಿ. ಅಮೆರಿಕದ ಒಕ್ಲಹೋಮದಲ್ಲಿ ಸರ್ಚ್‌ಕಿಂಗ್ ಎಂಬ ಕಂಪನಿ, ಹೆಚ್ಚು ಪೇಜ್‌ರ‍್ಯಾಂಕ್ ಇರುವ ತಾಣಗಳಲ್ಲಿ ಜಾಹೀರಾತು ಕೊಂಡಿಗಳನ್ನು ಮಾರುವ ವ್ಯವಹಾರ ನಡೆಸುತ್ತಿತ್ತು. 2002ರಲ್ಲಿ ಅದರ ಪೇಜ್‌ರ‍್ಯಾಂಕ್ ದಿಢೀರನೆ ಕುಸಿಯಿತು. ಗೂಗಲ್ ಬೇಕೆಂದೇ ಇಳಿಸಿದೆ ಎಂದು ಕಂಪನಿ ಮೊಕದ್ದಮೆ ಹೂಡಿತು. 2003ರ ಮೇ ತಿಂಗಳಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ಕಾರಣ? ಪೇಜ್‌ರ‍್ಯಾಂಕ್ ಎಂಬುದು ಒಂದು ಅಭಿಪ್ರಾಯ. ಅಭಿಪ್ರಾಯವನ್ನು ಸರಿ ತಪ್ಪು ಎಂದು ಸಾಬೀತು ಮಾಡಲಾಗದು. ಅದಕ್ಕೆ ವಾಕ್‌ಸ್ವಾತಂತ್ರ್ಯದ ರಕ್ಷಣೆಯಿದೆ. ಗೂಗಲ್ ಪರವಾಗಿ ಮಂಡಿತವಾದ ವಾದವೂ ಇದೇ.

ಇಡೀ ಚರ್ಚೆಯ ತಿರುಳು ಇಲ್ಲಿದೆ ಎಂದು ನನ್ನ ಭಾವನೆ. ಓದುಗನೆದುರು ಅದು ಗಣಿತ. ದೂರು ತಂದವನೆದುರು ಅದು ಅಭಿಪ್ರಾಯ. ಎರಡೂ ಏಕಕಾಲಕ್ಕೆ ಆಗುವುದು ಹೇಗೆ? ಗಣಿತವಾದರೆ ದತ್ತಾಂಶ ಕೊಡಿ, ನಾವೂ ಲೆಕ್ಕ ಮಾಡಿ ನೋಡುತ್ತೇವೆ. ಅಭಿಪ್ರಾಯವಾದರೆ ಅದು ಯಾರ ಅಭಿಪ್ರಾಯ, ಅವರ ಹಿತಾಸಕ್ತಿ ಏನು ಎಂದು ಕೇಳುವ ಹಕ್ಕು ನಮಗಿದೆ. ಕೊಂಡಿ ಮಾರುವವರ ಪರವಾಗಿ ನಾನಿಲ್ಲ. ಆದರೆ ಪ್ರಾಮಾಣಿಕ ವ್ಯಾಪಾರಿಯೊಬ್ಬನ ಪುಟ ತಪ್ಪಾಗಿ ಕೆಳಗಿಳಿದರೂ ಆತ ನಿಂತು ಕೇಳಬೇಕಾದದ್ದು ಅದೇ ಮುಚ್ಚಿದ ಬಾಗಿಲಿನ ಮುಂದೆ.

ಮರೆತುಹೋದ ಅನುಬಂಧ

ಹಿತಾಸಕ್ತಿಯ ಮಾತನ್ನು ಮೊದಲು ಎತ್ತಿದವರು ಈ ಲೇಖಕರೇ ಎಂಬುದು ವಿಶೇಷ. ಪ್ರಬಂಧದ ಅನುಬಂಧದಲ್ಲಿ ಜಾಹೀರಾತಿನ ಬಗ್ಗೆ ಒಂದು ಸಣ್ಣ ಟಿಪ್ಪಣಿ ಇದೆ. ಜಾಹೀರಾತಿನ ಹಣದಿಂದ ನಡೆಯುವ ಶೋಧಯಂತ್ರ ಜಾಹೀರಾತುದಾರರ ಕಡೆಗೇ ವಾಲುತ್ತದೆ, ಬಳಕೆದಾರರಿಂದ ದೂರ ಸರಿಯುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಲಾಗಿದೆ. ಉದಾಹರಣೆಯೂ ಇದೆ. ಅವರ ಯಂತ್ರದಲ್ಲಿ 'ಸೆಲ್ಯುಲರ್ ಫೋನ್' ಎಂದು ಹುಡುಕಿದರೆ ಮೊದಲು ಬಂದದ್ದು, ವಾಹನ ಚಾಲಕರ ಗಮನದ ಮೇಲೆ ಫೋನ್ ಬಳಕೆಯ ಪರಿಣಾಮ ಕುರಿತ ಅಧ್ಯಯನ. ಫೋನ್ ಕಂಪನಿಗಳ ಜಾಹೀರಾತಿನಿಂದ ಬದುಕುವ ಯಂತ್ರಕ್ಕೆ ಇಂಥ ಫಲಿತಾಂಶವನ್ನು ಸಮರ್ಥಿಸಿಕೊಳ್ಳುವುದು ಕಷ್ಟ ಎಂಬುದು ಅವರ ಮಾತಿನ ಅರ್ಥ. ಆದ್ದರಿಂದ ಸ್ಪರ್ಧಿಸಬಲ್ಲ, ಪಾರದರ್ಶಕವಾದ, ವಿದ್ಯಾಸಂಸ್ಥೆಗಳ ವಲಯದಲ್ಲೇ ಇರುವ ಒಂದು ಶೋಧಯಂತ್ರ ಅತ್ಯಗತ್ಯ ಎಂದು ಅವರು ತೀರ್ಮಾನಿಸಿದ್ದರು.

ಅದೇ 1998ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಕಂಪನಿಯಾಯಿತು. ಅದೇ ವರ್ಷ ಬಿಲ್ ಗ್ರಾಸ್ ಸ್ಥಾಪಿಸಿದ್ದ ಗೋಟೂ ಡಾಟ್ ಕಾಂ, ಒತ್ತಿಗೆ ಇಷ್ಟು ಎಂದು ಹೆಚ್ಚು ಬೆಲೆ ಕೂಗಿದವರ ಪುಟವನ್ನು ಮೇಲಿಡುವ ಹರಾಜನ್ನು ಆರಂಭಿಸಿತ್ತು. ಗೂಗಲ್ 2000ದ ಅಕ್ಟೋಬರ್‌ನಲ್ಲಿ ಆಡ್‌ವರ್ಡ್ಸ್ ತಂದಿತು. 2002ರಲ್ಲಿ ಅದೂ ಒತ್ತಿಗೆ ಇಷ್ಟು ಎಂಬ ಹರಾಜಿಗೆ ಬಂತು. ನ್ಯಾಯವಾಗಿ ಹೇಳಬೇಕೆಂದರೆ ಗೂಗಲ್ ಬರೀ ಕೂಗಿದ ಬೆಲೆಯನ್ನು ನೋಡದೆ ಜನ ಆ ಜಾಹೀರಾತನ್ನು ಎಷ್ಟು ಒತ್ತುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು, ಜಾಹೀರಾತುಗಳನ್ನು ಬೇರೆಯಾಗಿಯೂ ಇಟ್ಟಿತು. ಜಾಹೀರಾತಿನ ಹಣವಿಲ್ಲದಿದ್ದರೆ ನಮ್ಮ ಹಳ್ಳಿಯ ಶಿಕ್ಷಕರಿಗೂ ಪುಕ್ಕಟೆ ಶೋಧ ಸಿಗುತ್ತಿರಲಿಲ್ಲ ಎಂಬುದೂ ನಿಜ.

ಆದರೂ ಅನುಬಂಧದ ಎಚ್ಚರಿಕೆ ಸುಳ್ಳಾಗಲಿಲ್ಲ. ಹಣ ಕೊಟ್ಟ ಫಲಿತಾಂಶಗಳನ್ನು ಸ್ಪಷ್ಟವಾಗಿ ಗುರುತಿಸಿ ಎಂದು ಅಮೆರಿಕದ ವಾಣಿಜ್ಯ ಆಯೋಗ 2002ರಲ್ಲೇ ಶೋಧ ಕಂಪನಿಗಳಿಗೆ ಪತ್ರ ಬರೆಯಬೇಕಾಯಿತು. ಒಂದು ಕಾಲದಲ್ಲಿ ಗೂಗಲ್ ಪುಟದಲ್ಲಿ ಜಾಹೀರಾತಿನ ಹಿಂದೆ ಬಣ್ಣದ ಹಿನ್ನೆಲೆ ಇರುತ್ತಿತ್ತು. 2013ರಲ್ಲಿ ಅದರ ಜಾಗಕ್ಕೆ ಪುಟ್ಟ ಹಳದಿ ಚೀಟಿ ಬಂತು. ಆಮೇಲೆ ಆ ಹಳದಿಯೂ ಹೋಯಿತು. 2017ರಲ್ಲಿ ಐರೋಪ್ಯ ಆಯೋಗ, ತನ್ನದೇ ಬೆಲೆ ಹೋಲಿಕೆ ಸೇವೆಗೆ ಮೇಲಿನ ಸ್ಥಾನ ಕೊಟ್ಟದ್ದಕ್ಕೆ ಗೂಗಲ್‌ಗೆ 242 ಕೋಟಿ ಯೂರೋ ದಂಡ ವಿಧಿಸಿತು. 2024ರಲ್ಲಿ ಐರೋಪ್ಯ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಮ್ಮ ದೇಶದಲ್ಲೂ 2018ರ ಫೆಬ್ರವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಶೋಧದಲ್ಲಿ ಪ್ರಾಬಲ್ಯದ ದುರುಪಯೋಗಕ್ಕಾಗಿ 135.86 ಕೋಟಿ ರೂಪಾಯಿ ದಂಡ ಹಾಕಿತು. 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ, ಗೂಗಲ್ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ ಎಂದು ತೀರ್ಪಿತ್ತರು. ಫೋನು ಮತ್ತು ಬ್ರೌಸರುಗಳಲ್ಲಿ ತಾನೇ ಮೊದಲ ಆಯ್ಕೆಯಾಗಿರಲು 2021ರೊಂದರಲ್ಲೇ ಅದು 2,630 ಕೋಟಿ ಡಾಲರ್ ಕೊಟ್ಟಿತ್ತೆಂಬುದು ಆ ವಿಚಾರಣೆಯಲ್ಲಿ ಹೊರಬಂತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ನ್ಯಾಯಾಲಯ ಇಂಥ ಒಪ್ಪಂದಗಳಲ್ಲಿ 'ನಾವು ಮಾತ್ರ' ಎಂಬ ಷರತ್ತನ್ನು ನಿಷೇಧಿಸಿತು. ಈ ನಡುವೆ 2024ರಿಂದ ಕೃತಕ ಬುದ್ಧಿಮತ್ತೆ ಬರೆದ ಉತ್ತರಗಳು ಕೊಂಡಿಗಳ ಪಟ್ಟಿಗಿಂತ ಮೇಲೆ ಬಂದು ಕುಳಿತಿವೆ. ಮತವಾಗಿದ್ದ ಕೊಂಡಿ ಈಗ ಅಡಿಟಿಪ್ಪಣಿಯ ಸ್ಥಾನಕ್ಕೆ ಇಳಿಯುತ್ತಿದೆ.

ಅಂಗಡಿಯ ಒಳಗಿನ ಹುಡುಕಾಟ

ಪ್ರಬಂಧ ಮುಟ್ಟದ ಒಂದು ಕ್ಷೇತ್ರವಿದೆ. ವ್ಯಾಪಾರಿಗೆ ಅದೇ ಹೆಚ್ಚು ಮುಖ್ಯ, ಮತ್ತು ಅದು ಪೂರ್ತಿ ಅವನ ಕೈಯಲ್ಲಿದೆ. ಅದು ಅವನದೇ ಜಾಲತಾಣದ ಒಳಗಿರುವ ಶೋಧ ಪೆಟ್ಟಿಗೆ. ಇಲ್ಲಿ ಕೊಂಡಿಗಳ ಮತಗಣನೆಯಿಂದ ಪ್ರಯೋಜನ ಕಡಿಮೆ. ಅಂಗಡಿಯ ಎಲ್ಲ ಪುಟಗಳೂ ಮುಖಪುಟಕ್ಕೆ ಕೊಂಡಿ ಕೊಡುತ್ತವೆ. ಗಿರಾಕಿಗೆ ಬೇಕಾದದ್ದು ಮುಖಪುಟವಲ್ಲ, 15 ಸೆಂ.ಮೀ. ಸಂಗಮ ದೂರದ ಮಸೂರ. ಗೂಗಲ್ 2002ರಿಂದ ಸಂಸ್ಥೆಗಳ ಒಳಶೋಧಕ್ಕೆಂದು ಹಳದಿ ಪೆಟ್ಟಿಗೆಯಂಥ ಯಂತ್ರವೊಂದನ್ನು ಮಾರುತ್ತಿತ್ತು. ಆಮೇಲೆ ಅದನ್ನು ನಿಲ್ಲಿಸಿತು. ಹಣ ಪಡೆದು ಕೊಡುತ್ತಿದ್ದ ತಾಣಶೋಧ ಸೇವೆಯನ್ನೂ 2018ರಲ್ಲಿ ಮುಚ್ಚಿತು. ಆದರೆ 1999ರಲ್ಲಿ ಡಗ್ ಕಟಿಂಗ್ ಬರೆದ ಲೂಸೀನ್‌ನಂಥ ಮುಕ್ತ ತಂತ್ರಾಂಶ ಇಂದಿಗೂ ಪುಕ್ಕಟೆಯಾಗಿ ಸಿಗುತ್ತದೆ. ಅದರ ತಳಹದಿಯಲ್ಲಿರುವುದು ಕೇಂಬ್ರಿಜ್‌ನ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಮಂಡಿಸಿದ ವಿಚಾರ: ಎಲ್ಲ ಪುಟಗಳಲ್ಲೂ ಬರುವ ಪದಕ್ಕೆ ಬೆಲೆ ಕಡಿಮೆ, ಅಪರೂಪಕ್ಕೆ ಬರುವ ಪದಕ್ಕೆ ಬೆಲೆ ಹೆಚ್ಚು.

ಕನ್ನಡದ ತಾಣಗಳಲ್ಲಿ ಈ ಕೆಲಸ ಇನ್ನೂ ಕಷ್ಟ. ಅಂದು ಸಂಜೆ ನಾವು ಅವನದೇ ತಾಣದ ಪೆಟ್ಟಿಗೆಯಲ್ಲಿ ಒಂದೊಂದೇ ಪದ ಹಾಕಿ ನೋಡಿದೆವು. 'ಬಟ್ಟಲು' ಎಂದರೆ 'ಬಟ್ಟಲಿನ' ಇರುವ ಪುಟ ಸಿಗಲಿಲ್ಲ. ವಿಭಕ್ತಿ ಹತ್ತಿದಾಗ 'ಲು' ಹೋಗಿ 'ಲಿ' ಆಗುವುದು ಯಂತ್ರಕ್ಕೆ ತಿಳಿಯದು. 'ಸ್ಟಾಪ್‌ವಾಚ್', 'ಸ್ಟಾಪ್ವಾಚ್', 'ಸ್ಟಾಪ್ ವಾಚ್' ಮೂರೂ ನಮಗೆ ಒಂದೇ. ಗಣಕಕ್ಕೆ ಮೂರೂ ಬೇರೆ. ಮೊದಲನೆಯದರಲ್ಲಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಯೂನಿಕೋಡ್ ಸಂಕೇತವೊಂದು ಕುಳಿತಿದೆ. 'ಥರ್ಮಾಮೀಟರ್', 'ಥರ್ಮೋಮೀಟರ್', 'ಉಷ್ಣತಾಮಾಪಕ' ಎಲ್ಲವೂ ಒಂದೇ ವಸ್ತುವಿನ ಹೆಸರೆಂದು ಯಾರೂ ಅದಕ್ಕೆ ಹೇಳಿಕೊಟ್ಟಿಲ್ಲ. ಹಳೆಯ ಬೆಲೆಪಟ್ಟಿಯಂತೂ ಯೂನಿಕೋಡ್‌ಗೆ ಮೊದಲಿನ ಅಕ್ಷರಶೈಲಿಯಲ್ಲಿತ್ತು. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಯಂತ್ರ ಓದುವುದು ಅರ್ಥವಿಲ್ಲದ ರೋಮನ್ ಅಕ್ಷರಗಳನ್ನು. ಅಂಥ ಪುಟವನ್ನು ಹೊರಗಿನ ಯಾವ ಶೋಧಯಂತ್ರವೂ ಕನ್ನಡವೆಂದು ಗುರುತಿಸುವುದು ಕಷ್ಟ. ಮೊದಲ ಪುಟಕ್ಕೆ ಬರಲು ತಿಂಗಳು ತಿಂಗಳು ಹಣ ತೆತ್ತಿದ್ದ ಅಂಗಡಿಯಲ್ಲಿ, ಬಾಗಿಲಿಗೆ ಬಂದ ಗಿರಾಕಿಗೆ ಇರುವ ಸಾಮಾನೇ ಸಿಗುತ್ತಿರಲಿಲ್ಲ.

ಪರಿಹಾರ ದುಬಾರಿಯಲ್ಲ. ಕ್ಲೆವರ್‌ಡನ್‌ರ ವಿಧಾನವನ್ನೇ ಸಣ್ಣ ಪ್ರಮಾಣದಲ್ಲಿ ಅನುಸರಿಸಬಹುದು. ಗಿರಾಕಿಗಳು ನಿಜವಾಗಿ ಕೇಳುವ ಐವತ್ತು ಪದಗಳನ್ನು ಬರೆದಿಡಿ. ಪ್ರತಿಯೊಂದಕ್ಕೂ ಬರಬೇಕಾದ ಪುಟ ಯಾವುದೆಂದು ಗುರುತಿಸಿ. ಹುಡುಕಿ, ಎಷ್ಟು ಬಂತು ಎಷ್ಟು ತಪ್ಪಿತು ಎಂದು ಪಟ್ಟಿ ಮಾಡಿ. ಅದೃಶ್ಯ ಸಂಕೇತಗಳನ್ನು ತೆಗೆದು, ಪರ್ಯಾಯ ಪದಗಳ ಪಟ್ಟಿ ಸೇರಿಸಿ, ಮತ್ತೆ ಅಳೆಯಿರಿ. ಏನೂ ಸಿಗದೆ ಹಿಂದಿರುಗಿದ ಪದಗಳ ದಾಖಲೆಯನ್ನು ವಾರಕ್ಕೊಮ್ಮೆ ಓದಿ. ಗಿರಾಕಿ ಏನು ಬಯಸಿದ್ದ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

ಶಿಕ್ಷಕರಿಗೆ, ವಿದ್ಯಾರ್ಥಿಗಳಿಗೆ

ಈ ಪ್ರಬಂಧವನ್ನು ಪದವಿ ತರಗತಿಗಳಲ್ಲಿ ಓದಿಸಿ ಎಂಬುದು ನನ್ನ ಸಲಹೆ. ಅದು ಜಾಲದಲ್ಲಿ ಉಚಿತವಾಗಿ ಲಭ್ಯವಿದೆ. ಗಣಕವಿಲ್ಲದಿದ್ದರೂ ಚಿಂತೆಯಿಲ್ಲ, ಮೂರು ಪುಟಗಳ ಜಾಲ ಸಾಕು: ಅ ಪುಟದಿಂದ ಆ ಮತ್ತು ಇ ಗೆ ಕೊಂಡಿ, ಆ ಪುಟದಿಂದ ಇ ಗೆ, ಇ ಪುಟದಿಂದ ಅ ಗೆ. ಎಲ್ಲಕ್ಕೂ 1 ಎಂದು ಆರಂಭಿಸಿ, ಸೂತ್ರವನ್ನು ಮತ್ತೆ ಮತ್ತೆ ಹಾಕುತ್ತ ಹೋದರೆ ಬೆಲೆಗಳು ಕ್ರಮವಾಗಿ 1.16, 0.64, 1.19 ರಲ್ಲಿ ನಿಲ್ಲುತ್ತವೆ. ಕೂಡಿದರೆ, 0.01 ರ ದುಂಡಾಂಕ ದೋಷ ಬಿಟ್ಟು, 3. ಆಮೇಲೆ ನಾಲ್ಕನೆಯ ಪೊಳ್ಳು ಪುಟವೊಂದನ್ನು ಸೇರಿಸಿ ಆ ಪುಟಕ್ಕೆ ಕೊಂಡಿ ಕೊಡಿ. ಕಡೆಯಲ್ಲಿದ್ದ ಆ ಪುಟದ ಬೆಲೆ ಏರುವುದನ್ನು ಮಕ್ಕಳೇ ಕಂಡುಹಿಡಿಯಲಿ. ಮೊದಲು ಬಂದ ಫಲಿತಾಂಶವೇ ನಿಜ ಎಂಬ ಅವರ ನಂಬಿಕೆ ಆ ಹೊತ್ತಿಗೆ ಸ್ವಲ್ಪವಾದರೂ ಸಡಿಲವಾಗಿರುತ್ತದೆ.

ಪ್ರಬಂಧದ ಬಗ್ಗೆ ನನ್ನ ಒಟ್ಟು ತೀರ್ಪು ಇಷ್ಟು. ಅದರ ಗಣಿತ ಸುಂದರ, ಪರೀಕ್ಷೆ ಅಪೂರ್ಣ, ವಂಚನೆಯ ಬಗ್ಗೆ ಅದರ ಭರವಸೆ ತಪ್ಪು, ಅನುಬಂಧ ಮಾತ್ರ ಪೂರ್ಣ ಸತ್ಯ. ಅನುಬಂಧ ಕೇಳಿದ ಪಾರದರ್ಶಕ ಶೋಧಯಂತ್ರವನ್ನು ಅದರ ಲೇಖಕರು ಕಟ್ಟಲಿಲ್ಲ. ಅದು ಇನ್ನೂ ಬಾಕಿ ಇರುವ ಕೆಲಸ, ಮತ್ತು ವಿಶ್ವವಿದ್ಯಾಲಯಗಳ ಕೆಲಸ. ಇಡೀ ಜಾಲಕ್ಕೆ ಆಗದಿದ್ದರೂ ನಮ್ಮ ಕನ್ನಡ ವಿಜ್ಞಾನ ಸಾಹಿತ್ಯಕ್ಕಾದರೂ, ಸೂತ್ರ ಮತ್ತು ದತ್ತಾಂಶ ಎರಡೂ ತೆರೆದಿರುವ ಒಂದು ಶೋಧ ಪೆಟ್ಟಿಗೆಯನ್ನು ನಮ್ಮ ಕಾಲೇಜುಗಳು ಕಟ್ಟಬಹುದು.

ನನ್ನ ವಿದ್ಯಾರ್ಥಿ ಕೊಂಡಿಯವರಿಗೆ ಹಣ ಕೊಡುವುದನ್ನು ನಿಲ್ಲಿಸಿದ್ದಾನೆ. ಬೆಲೆಪಟ್ಟಿಯನ್ನು ಯೂನಿಕೋಡ್‌ಗೆ ಬದಲಿಸಿಕೊಂಡು, ಐವತ್ತು ಪದಗಳ ಪಟ್ಟಿ ಇಟ್ಟುಕೊಂಡು, ತಿಂಗಳಿಗೊಮ್ಮೆ ಅಳೆಯುತ್ತಿದ್ದಾನೆ. ಗೂಗಲ್‌ನ ಮೊದಲ ಪುಟಕ್ಕೆ ಆತ ಇನ್ನೂ ಬಂದಿಲ್ಲ. ಆದರೆ ಮೊನ್ನೆ ಫೋನ್ ಮಾಡಿ, "ಸರ್, 'ಪೀನ ಮಸೂರ' ಅಂತ ಹುಡುಕಿದರೆ ಈಗ ಮಸೂರ ಸಿಗುತ್ತಿದೆ" ಎಂದ.